ಸ್ವಲ್ಪ ಸರಿದುಕೊಳ್ಳಿ ಅಜ್ಜಾ!

ದುಬೈನ ನಮ್ಮ ಆಫೀಸಿನ ಪ್ಯಾಂಟ್ರಿ. ಮಧ್ಯಾಹ್ನದ ಊಟದ ಹೊತ್ತು. ನೂಡಲ್ಸ್ ಬೇಯಿಸಿದ ಕುದಿನೀರನ್ನು ಸಿಂಕಿಗೆ ಬಸಿಯಬೇಕು, ಅಷ್ಟರಲ್ಲಿ ಆತೆ ತಡೆದು ನಿಂತರು. ಪಾತ್ರೆ ಕೈಯಲ್ಲೇ ಇದೆ, ಹಬೆ ಕನ್ನಡಕವನ್ನೆಲ್ಲ ಮಬ್ಬು ಮಾಡಿದೆ, ಆದರೂ ತಲೆ ಬಾಗಿಸಿ ಸಿಂಕಿನ ತೂತಿನತ್ತ ಪಿಸುಗುಟ್ಟಿದರು: "ತಾಬಿ ತಾಬಿ ಪೊ." ಒಂದು ಉಸಿರಿನಷ್ಟು ಕಾದರು. ಆಮೇಲೆ ನೀರು ಸುರಿದರು.

"ಯಾರಿಗೆ ಹೇಳಿದ್ರಿ ಆತೆ?"

"ಕೆಳಗೆ ಇರೋರಿಗೆ. ಬಿಸಿನೀರು ಮೈಮೇಲೆ ಬಿದ್ರೆ ಸುಟ್ಟುಹೋಗಲ್ವಾ ಬುನ್ಸೊ?"

ನಾವಿದ್ದದ್ದು 22ನೇ ಮಹಡಿಯಲ್ಲಿ! ಕೆಳಗೆ ಮಣ್ಣಿಲ್ಲ, ಮರವಿಲ್ಲ, ಇನ್ನೊಂದು ಕಂಪನಿಯ ಇನ್ನೊಂದು ಪ್ಯಾಂಟ್ರಿ ಇದೆ. ಆದರೂ ಫಿಲಿಪ್ಪೀನ್ಸಿನ ಪನಾಯ್ ದ್ವೀಪದ ಕಪೀಸ್ ಎಂಬ ಸೀಮೆಯಲ್ಲಿ ಹುಟ್ಟಿದ ಈ ಹೆಂಗಸು ಕಣ್ಣಿಗೆ ಕಾಣದ ಯಾರಿಗೋ ಮರ್ಯಾದೆಯಿಂದ ದಾರಿ ಕೇಳಿದ್ದರು. ಆತೆ ಎಂದರೆ ಅವರ ಭಾಷೆಯಲ್ಲಿ ಅಕ್ಕ. ಬುನ್ಸೊ ಎಂದರೆ ಮನೆಯ ಕೊನೆಯ ಕೂಸು. ಆಫೀಸಿನಲ್ಲಿ ಎಲ್ಲರಿಗಿಂತ ಕಿರಿಯನಾದ ನನಗೆ ಅದೇ ಹೆಸರು ನಿಂತುಹೋಗಿತ್ತು. ತಾಬಿ ಅಂದರೆ ಪಕ್ಕ, ಬದಿ. ಮತ್ತೆ ಆ ಕೊನೆಯ "ಪೊ" ಇದೆಯಲ್ಲ, ಅದು ಹೆಚ್ಚುಕಡಿಮೆ ನಮ್ಮ "ರೀ"! ಹಿರಿಯರ ಜೊತೆ ಮಾತಾಡುವಾಗ ವಾಕ್ಯದ ಬಾಲಕ್ಕೆ ಅಂಟಿಸುವ ಗೌರವದ ತುಣುಕು. ಅಂದರೆ ಆತೆ ಸಿಂಕಿನ ತೂತಿಗೆ ಹೇಳಿದ್ದು ಇಷ್ಟೇ: "ಸ್ವಲ್ಪ ಸರ್ಕೊಳ್ಳಿ ರೀ."

ಆ ಒಂದು ಪಿಸುಮಾತಿನ ಹಿಂದೆ ಬಿದ್ದವನು ನಾನು ಇನ್ನೂ ವಾಪಸ್ ಬಂದಿಲ್ಲ.

ಕೆಳಗಿರುವವನು ಯಾರು ಅಂತ ಮೊದಲು ಕೇಳಿದೆ. ನೂನೊ ಸಾ ಪುನ್ಸೊ ಅಂದರು, ದಿಬ್ಬದ ಅಜ್ಜ. ಇರುವೆಯೋ ಗೆದ್ದಲೋ ಎಬ್ಬಿಸಿದ ಮಣ್ಣಿನ ಗುಪ್ಪೆಯೇ ಅವನ ಮನೆ. ಉದ್ದ ಗಡ್ಡದ ಕುಳ್ಳ ಮುದುಕ. ಗೊತ್ತಿಲ್ಲದೆ ತುಳಿದರೆ ಉಗುಳುತ್ತಾನೆ, ಉಗುಳು ತಾಗಿದ ಜಾಗ ಬಾತುಕೊಳ್ಳುತ್ತದೆ. ಹುತ್ತ ಕಂಡರೆ ಕಾಲು ತಾನಾಗಿ ಪಕ್ಕಕ್ಕೆ ಹೋಗುವ ಊರಿನಿಂದ ಬಂದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಗಾದರೆ ದೊಡ್ಡ ಮರಗಳಲ್ಲಿ? ಅಲ್ಲಿ ಕಾಡಿನ ಒಡತಿ ಇರುತ್ತಾಳೆ, ಬೇಟೆಯೂ ಅವಳದೇ, ಹೊಳೆಯೂ ಅವಳದೇ ಅಂದರು. ಹೆಸರೇನು? "ದಿವಾತಾ."

ಇನ್ನೊಂದು ಸಲ ಹೇಳಿ ಅಂದೆ. "ದಿ-ವಾ-ತಾ."

ದೇವತಾ! ನನ್ನ ಕೈಯ ರೋಮ ಎದ್ದು ನಿಂತಿತ್ತು. ಅದು ಹೌದೋ ಅಲ್ಲವೋ ಎಂದು ಅನುಮಾನಿಸುವ ಅಗತ್ಯವೇ ಇಲ್ಲ, ಭಾಷಾವಿದ್ವಾಂಸರು ಎಂದೋ ಒಪ್ಪಿರುವ ಮಾತದು. ಸಂಸ್ಕೃತದ ದೇವತಾ ಸುಮಾತ್ರ, ಜಾವಾ, ಮಲಯ ಬಂದರುಗಳಲ್ಲಿ ತಂಗುತ್ತಾ ತಂಗುತ್ತಾ 7,641 ದ್ವೀಪಗಳ ಆ ನಾಡಿಗೆ ಹೋಗಿ ಇಳಿದಿದೆ. ನಮ್ಮ ಕಡೆಯ ಹಡಗೇ ನೇರ ಹೋಗಿ ಇಳಿಸಿ ಬಂತು ಅಂತ ನಾನು ಹೇಳುತ್ತಿಲ್ಲ. ಅದು ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ದಾಟಿದ ಪದ. ಹೋದ ಮೇಲೆ ಅದು ಗುಡಿಯೊಳಗೆ ಕೂರಲಿಲ್ಲ, ಕಾಡಿಗೆ ಹೊಕ್ಕಿತು.

ಆಮೇಲೆ ಸಿಕ್ಕಿದ್ದು ತಾಮ್ರದ ತಗಡು. 1989ರಲ್ಲಿ ಮನಿಲಾದ ಹತ್ತಿರದ ಲಗೂನಾ ಪ್ರಾಂತದಲ್ಲಿ, ನದಿಯ ಮರಳು ತೆಗೆಯುತ್ತಿದ್ದ ಕೂಲಿಯವನೊಬ್ಬನ ಕೈಗೆ ಬಂದದ್ದು. ಒಂದು ಪುಸ್ತಕದ ಹಾಳೆಯಷ್ಟಗಲ, ಹತ್ತು ಸಾಲು ಬರಹ. ಜಾವಾದ ಹಳೆಯ ಕವಿ ಲಿಪಿ, ಹಳೆಯ ಮಲಯ ಭಾಷೆ, ನಡುನಡುವೆ ಸಂಸ್ಕೃತ. ಅಂತೋನ್ ಪೋಸ್ಟ್ಮಾ ಎಂಬ ಡಚ್ ವಿದ್ವಾಂಸರು ಅದನ್ನು ಓದಿ ಹೇಳಿದಾಗ ಆ ದೇಶದ ಲಿಖಿತ ಇತಿಹಾಸ ಒಂದೇ ಏಟಿಗೆ 600 ವರ್ಷ ಹಿಂದಕ್ಕೆ ಹೋಯಿತು. ಅದರ ಮೊದಲ ಸಾಲಿನಲ್ಲಿ ಏನಿದೆ ಗೊತ್ತೆ? ಸ್ವಸ್ತಿ. ಶಕ ವರ್ಷ 822. ವೈಶಾಖ ಮಾಸ. ಕೃಷ್ಣಪಕ್ಷದ ಚತುರ್ಥಿ. ಸೋಮವಾರ. ನಮ್ಮ ಅಡುಗೆಮನೆಯ ಗೋಡೆಯ ಮೇಲೆ ತೂಗುವ ಪಂಚಾಂಗದ ಮಾತು! ಕ್ರಿಸ್ತಶಕದಲ್ಲಿ ಅದು 900ರ ಏಪ್ರಿಲ್ 21. ಆ ದಿನ ಇತ್ತ ಮಳಖೇಡದಲ್ಲಿ ರಾಷ್ಟ್ರಕೂಟರ ಇಮ್ಮಡಿ ಕೃಷ್ಣ ಆಳುತ್ತಿದ್ದ, ಅವನ ಶಾಸನಗಳನ್ನು ಕೆತ್ತುತ್ತಿದ್ದವರೂ ಇದೇ ಶಕವರ್ಷವನ್ನು ಎಣಿಸುತ್ತಿದ್ದರು. ಅತ್ತ ಸಮುದ್ರದಾಚೆ ನಮ್ವರನ್ ಎಂಬ ಒಬ್ಬ ಮನುಷ್ಯನ ಚಿನ್ನದ ಸಾಲ ಮನ್ನಾ ಆಗುತ್ತಿತ್ತು, ಅವನ ಮಕ್ಕಳಿಗೆ ಅದರ ರಶೀದಿ ತಾಮ್ರದಲ್ಲಿ ಸಿಗುತ್ತಿತ್ತು.

ಇನ್ನೂ ಇದೆ. ತಗಲೋಗ್ ಜನರ ಸೃಷ್ಟಿಕರ್ತ, ದೇವರುಗಳಿಗೆಲ್ಲ ದೊಡ್ಡವನು, ಬಾತ್ಹಾಲಾ. ಈ ಹೆಸರಿನ ಬೇರು ಸಂಸ್ಕೃತದ ಭಟ್ಟಾರ, ಎಂದರೆ ಪೂಜ್ಯ, ಒಡೆಯ. ವಡ್ಡಾರಾಧನೆಯನ್ನು ಓದಿದವರಿಗೆ ಈ ಪದ ಹೊಸದೆ? ಅದರ ತುಂಬ ಓಡಾಡುವ ಋಷಿಗಳು "ಭಟಾರರ್" ತಾನೆ! ಒಂದೇ ಪದ ಇಲ್ಲಿ ಜೈನಮುನಿಯಾಗಿ ಕಾಲ್ನಡಿಗೆಯಲ್ಲಿ ಹೊರಟಿತು, ಅಲ್ಲಿ ಆಕಾಶದ ದೊರೆಯಾಗಿ ಕೂತಿತು.

ಹಾಗಂತ ಅಲ್ಲಿರುವುದೆಲ್ಲ ಇಲ್ಲಿಂದ ಹೋದದ್ದು ಎಂದುಕೊಂಡರೆ ಅಷ್ಟು ದೊಡ್ಡ ತಪ್ಪು ಇನ್ನೊಂದಿಲ್ಲ. ಹೋದ ಕಥೆ ಅಲ್ಲಿ ಏನಾಯಿತು ಎನ್ನುವುದೇ ನಿಜವಾದ ಬೆರಗು. ಮಿಂಡನಾವೊ ದ್ವೀಪದಲ್ಲಿ ಲನಾವೊ ಎಂಬ ಸರೋವರವಿದೆ, ಅದರ ಸುತ್ತ ಮರನಾವೊ ಜನ, ಮುಸಲ್ಮಾನರು. 1968ರಲ್ಲಿ ಹುವಾನ್ ಫ್ರಾನ್ಸಿಸ್ಕೊ ಎಂಬ ಫಿಲಿಪಿನೊ ಸಂಸ್ಕೃತ ವಿದ್ವಾಂಸರಿಗೆ ಅಲ್ಲಿ ಒಂದು ಕಥೆ ಸಿಕ್ಕಿತು. ಹೆಸರು ಮಹರಾದಿಯಾ ಲವಾನಾ. ಮಹಾರಾಜ ರಾವಣ! ಅದರಲ್ಲಿ ರಾಮ ಮಂಗಂದಿರಿ, ತಮ್ಮ ಮಂಗವರ್ನಾ, ಸೀತೆ ತಿಹಾಯಾ. ಲವಾನನಿಗೆ ವರ ಕೊಡಿಸುವುದು ಬ್ರಹ್ಮ ಅಲ್ಲ. ಉರಿಯಲ್ಲಿ ತನ್ನನ್ನೇ ದಂಡಿಸಿಕೊಳ್ಳುತ್ತಿರುವ ಅವನನ್ನು ಕಂಡು ದೇವದೂತ ಜಬ್ರಾಯಿಲ್ ಅಲ್ಲಾಹನಲ್ಲಿ ಬಿನ್ನಹ ಮಾಡುತ್ತಾನೆ. ಅವನ ಸಾವು ಎಲ್ಲಿ ಅಡಗಿದೆ ಅಂದರೆ, ಅವನ ಅರಮನೆಯಲ್ಲೇ ಇರುವ ಒಂದು ಸಾಣೆಕಲ್ಲಿನಲ್ಲಿ. ಆ ಕಲ್ಲಿಗೆ ಹಿಡಿದು ಮಸೆದ ಆಯುಧ ಮಾತ್ರ ಅವನನ್ನು ಕೊಲ್ಲಬಲ್ಲದು. ಸೀತೆಯನ್ನು ಗೆಲ್ಲಲು ಬಿಲ್ಲು ಮುರಿಯುವುದಿಲ್ಲ. ಬೆತ್ತದ ಚೆಂಡನ್ನು ಕಾಲಿನಿಂದ ಒದೆಯಬೇಕು, ಅದು ಹಾರಿ ರಾಜಕುಮಾರಿಯ ಮೇಲಂತಸ್ತಿನ ಕೋಣೆಗೇ ಹೋಗಿ ಬೀಳಬೇಕು! ಆ ನಾಡಿನ ಹುಡುಗರು ಇವತ್ತಿಗೂ ಆಡುವ ಸಿಪಾ ಆಟ ಅದು. ಮತ್ತೆ ಮಂಗನ ಹೆಸರೇನು ಕೇಳಿ. ಲಕ್ಷಮಾನಾ. ತಮ್ಮನ ಹೆಸರು ಕಪಿಯ ಪಾಲಾಗಿದೆ, ಕಪಿ ರಾಮನ ಮಗನೇ ಆಗಿದ್ದಾನೆ. ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವುದು ಲಕ್ಷ್ಮಣ ಎಂಬುದನ್ನು ಸಾವಿರ ವರ್ಷದ ಹತ್ತಿರ ಒಪ್ಪಿಕೊಂಡು ಬಂದ ಕನ್ನಡಿಗರಿಗೆ ಇದು ಆಘಾತವಲ್ಲ, ಹಬ್ಬ.

ಅದೇ ಮರನಾವೊ ಜನರಿಗೆ ದರಾಂಗೆನ್ ಎಂಬ ಮಹಾಕಾವ್ಯವಿದೆ. 17 ಸಂಧಿಗಳು, 72,000 ಸಾಲುಗಳು, ಹಾಡಲು ರಾತ್ರಿಗಳೇ ಬೇಕು. ಅದರ ಒಂದು ಪ್ರಸಂಗದಲ್ಲಿ ದಿವಾತಾಗಳು ನೆಲ ನಡುಗಿಸುತ್ತಾರೆ, ಉರುಳುವ ಮರಗಳ ನಡುವೆ ರಾಜಕುಮಾರಿ ಹೆಜ್ಜೆ ತಪ್ಪದೆ ನಡೆದು ಪಾರಾಗುತ್ತಾಳೆ. ಅದೇ ಸಿಂಗ್ಕಿಲ್ ನೃತ್ಯವಾಯಿತು. ನೆಲಮಟ್ಟದಲ್ಲಿ ಟಪ್ ಟಪ್ ಎಂದು ಬಡಿದುಕೊಳ್ಳುವ ಬಿದಿರಿನ ಗಳಗಳು, ಅವುಗಳ ನಡುವೆ ಬೀಸಣಿಗೆ ಹಿಡಿದ ಹುಡುಗಿ, ಮುಖದಲ್ಲಿ ಒಂದು ಗೆರೆ ಕದಲಿದ್ದರೆ ಕೇಳಿ. ನಾನು ವಿಡಿಯೊ ನೋಡುವಾಗ ಪ್ರತಿಸಲ ಅವಳ ಕಣಕಾಲನ್ನೇ ನೋಡುತ್ತ ಉಸಿರು ಬಿಗಿಹಿಡಿಯುತ್ತೇನೆ.

ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ನಿಲ್ಲಿಸಿದ್ದು ಕಾಪ್ರೆ.

ಆಲದ ಜಾತಿಯದೇ ಆದ ಬಲೆತೆ ಮರದ ಮೇಲೆ, ಅಕೇಶಿಯಾ, ಮಾವಿನ ಕೊಂಬೆಗಳಲ್ಲಿ ಕಾಲು ಇಳಿಬಿಟ್ಟು ಕೂತ ಭಾರಿ ದೈತ್ಯ. ಕಪ್ಪು ಮೈ, ಮೈತುಂಬ ಕೂದಲು. ಬಾಯಲ್ಲಿ ಎಂದೂ ಆರದ ದೊಡ್ಡ ಚುಟ್ಟಾ. ಕತ್ತಲಲ್ಲಿ ಮರದ ತುದಿಯಲ್ಲಿ ಕೆಂಡದಂಥ ಚುಕ್ಕಿ ಕಂಡರೆ, ಹೊಗೆಸೊಪ್ಪಿನ ವಾಸನೆ ಬಂದರೆ, ಓ ಅಲ್ಲಿ ಕೂತಿದ್ದಾನೆ. ಕೊಲ್ಲುವವನಲ್ಲ, ಕಾಡುತ್ತಾನೆ, ಕೆಲವೊಮ್ಮೆ ಒಬ್ಬ ಹುಡುಗಿಯನ್ನು ಮೆಚ್ಚಿ ಜೀವಮಾನವಿಡೀ ಹಿಂದೆ ಹಿಂದೆ ಬರುತ್ತಾನೆ. ಈಗ ಅವನ ಹೆಸರನ್ನು ಬಿಡಿಸಿ ನೋಡಿ. ಸ್ಪ್ಯಾನಿಷ್‌ನ ಕಾಫ್ರೆ, ಅದು ಬಂದದ್ದು ಅರಬ್ಬಿಯ ಕಾಫಿರ್‌ನಿಂದ. ಹಿಂದೂ ಮಹಾಸಾಗರದ ಹಡಗುಗಳಲ್ಲಿ ಗುಲಾಮರಾಗಿ, ನಾವಿಕರಾಗಿ ಸಾಗಿದ ಆಫ್ರಿಕಾದ ಜನರಿಗೆ ಅರಬ್ಬರೂ ಯುರೋಪಿನವರೂ ಹಚ್ಚಿದ ಹೆಸರು. ಅವನ ಬಾಯ ಚುಟ್ಟಾ? ಹೊಗೆಸೊಪ್ಪು ಅಮೆರಿಕ ಖಂಡದ ಗಿಡ, 1565ರಿಂದ ಮೆಕ್ಸಿಕೊ ಮತ್ತು ಮನಿಲಾದ ನಡುವೆ 250 ವರ್ಷ ಓಡಾಡಿದ ಸ್ಪೇನಿನ ಹಡಗುಗಳಲ್ಲಿ ಬಂದದ್ದು. ಒಂದು ಮರದ ಮೇಲೆ ಕೂತ ಒಂದು ಭೂತದ ಮೈಯಲ್ಲಿ ಅರೇಬಿಯಾ, ಆಫ್ರಿಕಾ, ಸ್ಪೇನ್, ಮೆಕ್ಸಿಕೊ!

ಇಷ್ಟಕ್ಕೇ ಸಾಕಿತ್ತು. ಆದರೆ ಹೆಸರನ್ನು ಬಾಯಲ್ಲಿ ಹೊರಳಿಸುತ್ತಿದ್ದಂತೆ ನನ್ನ ತಲೆಯಲ್ಲಿ ಕಾರವಾರ ಮಿಂಚಿತು. ಕೋಡಿಬಾಗ, ಕಾಳಿ ನದಿ ಸಮುದ್ರಕ್ಕೆ ಸೇರುವ ಕಡೆ. ಅಲ್ಲಿ ಖಾಪ್ರಿ ದೇವರ ಗುಡಿಯಿದೆ! ಆಫ್ರಿಕಾದಿಂದ ಹಡಗಿನಲ್ಲಿ ಬಂದವನು, ಇಲ್ಲೇ ನೆಲೆ ನಿಂತ ಅಂತ ಊರಿನವರು ಹೇಳುತ್ತಾರೆ. ಜಾತ್ರೆಯ ದಿನ ಅವನಿಗೆ ಏನು ಅರ್ಪಿಸುತ್ತಾರೆ? ಕೋಳಿ, ಹೆಂಡ, ಮತ್ತೆ ಸಿಗರೇಟು. ಹಚ್ಚಿದ ಸಿಗರೇಟು! ಕಾರವಾರದ ಖಾಪ್ರಿಯೂ ಪನಾಯ್ ದ್ವೀಪದ ಕಾಪ್ರೆಯೂ ಒಬ್ಬರನ್ನೊಬ್ಬರು ನೋಡಿಲ್ಲ. ಬೇರೆ ಬೇರೆ ಕಡಲುಗಳ ದಡದಲ್ಲಿ, ಒಂದೇ ಹೆಸರಿಟ್ಟುಕೊಂಡು, ಇಬ್ಬರೂ ಹೊಗೆ ಬಿಡುತ್ತಿದ್ದಾರೆ. ಮನೆಯಿಂದ ಎಳೆದೊಯ್ಯಲ್ಪಟ್ಟ ಜನರನ್ನು ಇತಿಹಾಸದ ಪುಸ್ತಕ ಎಣಿಸಲಿಲ್ಲ. ಒಂದು ಊರು ಅವರಲ್ಲಿ ಒಬ್ಬನನ್ನು ದೇವರು ಮಾಡಿ ಕೈಮುಗಿಯಿತು, ಇನ್ನೊಂದು ಊರು ಮರ ಹತ್ತಿಸಿ ಹೆದರಿತು. ಆತೆಗೆ ಗುಡಿಯ ಫೋಟೊ ತೋರಿಸಿದೆ. ಬಹಳ ಹೊತ್ತು ನೋಡಿದರು. "ಪಾಪ, ಇವನಿಗೆ ಮನೆ ಸಿಕ್ಕಿದೆ" ಅಂದರು.

ಕಪೀಸಿನವಳು ಅಂದ ತಕ್ಷಣ ಬೇರೆ ಸೀಮೆಯ ಫಿಲಿಪಿನೊ ಜನ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರಂತೆ. ತಮಾಷೆಗೇ ಇರಬಹುದು, ಆದರೆ ಆತೆಗೆ ಅದು ನೋವು. ಯಾಕೆಂದರೆ ಕಪೀಸ್ ಎಂದರೆ ಆಸ್ವಾಂಗ್‌ಗಳ ತವರು ಎಂಬ ಹೆಸರು ಅಂಟಿಬಿಟ್ಟಿದೆ. ಆಸ್ವಾಂಗ್ ಎಂಬುದು ಒಂದೇ ಜೀವಿಯಲ್ಲ, ಒಂದು ಕುಲ. ಹಗಲು ಪಕ್ಕದ ಮನೆಯ ಮೆದುಮಾತಿನ ಹೆಂಗಸು, ರಾತ್ರಿ ನಾಯಿ, ಹಂದಿ, ಹಕ್ಕಿ. ಆ ಕುಲದಲ್ಲಿ ನನ್ನ ಜೀವ ಬಾಯಿಗೆ ತರಿಸಿದವಳು ಮನನಂಗ್ಗಲ್. ತಂಗ್ಗಲ್ ಎಂದರೆ ಕಳಚು. ರಾತ್ರಿಯಾದರೆ ಅವಳ ಮೈ ಸೊಂಟದಲ್ಲಿ ಕಳಚುತ್ತದೆ. ಮೇಲರ್ಧಕ್ಕೆ ಬಾವಲಿಯ ರೆಕ್ಕೆ ಬಂದು ಹಾರುತ್ತದೆ, ಬಸುರಿಯ ಮನೆಯ ಸೂರಿನ ಮೇಲೆ ಕೂತು ದಾರದಂಥ ನಾಲಿಗೆಯನ್ನು ಒಳಗೆ ಇಳಿಬಿಡುತ್ತದೆ. ಕೆಳಗರ್ಧ ಮಾತ್ರ ಎಲ್ಲೋ ಬಾಳೆತೋಟದಲ್ಲಿ, ಕತ್ತಲಲ್ಲಿ, ಒಂಟಿಯಾಗಿ ನಿಂತಿರುತ್ತದೆ. ಅದನ್ನು ಹುಡುಕಿ ಉಪ್ಪೋ ಬೂದಿಯೋ ಬೆಳ್ಳುಳ್ಳಿಯೋ ಸವರಿಬಿಟ್ಟರೆ ಆಯಿತು, ಬೆಳಗಾಗುವಷ್ಟರಲ್ಲಿ ಅವಳು ಕೂಡಿಕೊಳ್ಳಲಾರಳು.

1589ರಲ್ಲಿ ಹುವಾನ್ ದೆ ಪ್ಲಾಸೆನ್ಸಿಯಾ ಎಂಬ ಸ್ಪೇನಿನ ಪಾದ್ರಿ ತಗಲೋಗರ ನಡವಳಿಕೆಗಳನ್ನು ಬರೆದಿಟ್ಟ. ಸೈತಾನನ ಪೂಜಾರಿಗಳು ಎಂದು ಅವನೊಂದು ಪಟ್ಟಿ ಕೊಡುತ್ತಾನೆ. ರಾತ್ರಿ ತಲೆಯಿಲ್ಲದೆ, ಕರುಳಿಲ್ಲದೆ ಓಡಾಡುವ ಮಗ್ತಾತಂಗ್ಗಲ್ ಅದರಲ್ಲಿ ಇದೆ, ಆಸ್ವಾಂಗ್ ಇದೆ. ಅದೇ ಪಟ್ಟಿಯ ಮೊದಲಲ್ಲಿ ಊರಿಗಾಗಿ ಹರಕೆ ತೀರಿಸುತ್ತಿದ್ದ ಕಾತಾಲೋನಾನ್ ಕೂಡ ಇದ್ದಾರೆ! ಮೈಮೇಲೆ ದೇವರು ಬರಿಸಿಕೊಂಡು, ಬೇರು ತೇದು ಕುಡಿಸಿ, ಹೆರಿಗೆ ಮಾಡಿಸುತ್ತಿದ್ದ ಹೆಂಗಸರು ಇವರು. ಪನಾಯ್ ಕಡೆಯಲ್ಲಿ ಇವರಿಗೆ ಬಾಬಾಯ್ಲಾನ್ ಎಂದು ಹೆಸರು. ಹೆರಿಗೆಯ ಮನೆಗೆ ಬರುತ್ತಿದ್ದ ಕೈಯೂ ಹೆರಿಗೆಯ ಮನೆಯ ಸೂರಿನ ಮೇಲೆ ಕೂರುವ ಭೂತವೂ ಒಂದೇ ಪಟ್ಟಿಗೆ ಹೇಗೆ ಬಂದರು ಎಂದು ಯೋಚಿಸಿದಾಗ ನನಗೆ ಚಳಿ ಹಿಡಿಯಿತು. ಭೂತ ಮೊದಲೇ ಇತ್ತು, ಸರಿ. ಆದರೆ ಆ ಪಟ್ಟಿಯಾದ ಮೇಲೆ ಎಷ್ಟು ಜನ ಸೂಲಗಿತ್ತಿಯರ ಬೆನ್ನಿಗೆ ಅದರ ಹೆಸರು ಅಂಟಿರಬಹುದು! ಪನಾಯ್ ದ್ವೀಪದಲ್ಲಿ ಬೇರೆಲ್ಲೂ ಇಲ್ಲದಷ್ಟು ಕಾಣುವ, ಲುಬಾಗ್ ಎಂದು ಕರೆಯುವ ಒಂದು ವಂಶವಾಹಿ ಕಾಯಿಲೆಯೂ ಇದೆ. ಮೈ ತಾನಾಗಿ ತಿರುಚಿಕೊಳ್ಳುತ್ತದೆ. ಅಂಥ ರೋಗಿಗಳನ್ನು ಕಂಡೇ ಆಸ್ವಾಂಗ್ ಮಾತು ಅಲ್ಲಿ ಇಷ್ಟು ಬಲವಾಯಿತು ಅನ್ನುವವರಿದ್ದಾರೆ. 1950ರ ದಶಕದಲ್ಲಂತೂ ಎಡ್ವರ್ಡ್ ಲ್ಯಾನ್ಸ್‌ಡೇಲ್ ಎಂಬ ಅಮೆರಿಕದ ಅಧಿಕಾರಿ ಈ ಭಯವನ್ನೇ ಆಯುಧ ಮಾಡಿಸಿದ. ಒಂದು ಗುಡ್ಡದಲ್ಲಿ ಬೀಡುಬಿಟ್ಟಿದ್ದ ಹುಕ್ ಎಂಬ ಬಂಡುಕೋರರ ಸಾಲಿನ ಕೊನೆಯವನನ್ನು ಹಿಡಿದು, ಕುತ್ತಿಗೆಗೆ ಎರಡು ತೂತು ಮಾಡಿ, ರಕ್ತ ಬಸಿದು ಹೆಣವನ್ನು ದಾರಿಯಲ್ಲಿ ಬಿಟ್ಟರು. ಬೆಳಗಾದ ಮೇಲೆ ಬಂಡುಕೋರರು ಆ ಗುಡ್ಡವನ್ನೇ ಖಾಲಿ ಮಾಡಿದರು. ಇದನ್ನು ಲ್ಯಾನ್ಸ್‌ಡೇಲ್ ತನ್ನ ಆತ್ಮಕಥನದಲ್ಲಿ ತಾನೇ ಬರೆದುಕೊಂಡಿದ್ದಾನೆ.

ಇಷ್ಟೆಲ್ಲ ಹೊತ್ತ ಜೀವಿಗಳು ಇವು. ಇವನ್ನು ಇವತ್ತಿನ ಕಥೆಗಾರರು ಏನು ಮಾಡಿದರು ಎಂಬಲ್ಲಿಗೆ ಬಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಮೊದಲು ಮಾಕ್ಸಿಮೊ ರಾಮೋಸ್. ಊರೂರಿನ ಈ ಕಥೆಗಳನ್ನು ಕೂಡಿಸಿ, ಕುಲ ಗೋತ್ರ ವಿಂಗಡಿಸಿ, 1971ರಲ್ಲಿ ಪುಸ್ತಕ ತಂದ ಪುಣ್ಯಾತ್ಮ. ಆಮೇಲೆ 1999ರಲ್ಲಿ ಆರ್ನಲ್ಡ್ ಆರ್ರೆ ಎಂಬ ಚಿತ್ರಕಾರ 'ದ ಮಿಥಾಲಜಿ ಕ್ಲಾಸ್' ಎಂಬ ಚಿತ್ರಕಾದಂಬರಿ ಬರೆದ. ಮನಿಲಾದಲ್ಲಿ ಮಾನವಶಾಸ್ತ್ರ ಓದುವ ಹುಡುಗಿ, ಅವಳ ಜೊತೆ ಕೆಲವು ಹುಡುಗರು, ಅವರಿಗೊಬ್ಬ ವಿಚಿತ್ರ ಮೇಡಮ್. ಊರಿನೊಳಗೆ ತಪ್ಪಿಸಿಕೊಂಡು ಬಂದ ಮಾಯಾಜೀವಿಗಳನ್ನು ಇವರು ಹಿಡಿಯಬೇಕು. ಅಜ್ಜಿ ಹೇಳಿದ ಕಥೆ ಪಠ್ಯವಾಗುತ್ತದೆ, ಪಠ್ಯ ಪ್ರಾಣ ಉಳಿಸುವ ವಿದ್ಯೆಯಾಗುತ್ತದೆ! ಅದಕ್ಕೆ ಆ ದೇಶದ ನ್ಯಾಷನಲ್ ಬುಕ್ ಅವಾರ್ಡ್ ಬಂತು.

2005ರಲ್ಲಿ ಬಜೆಟ್ ತಾನ್ ಬರೆದು ಕಾಹೊ ಬಾಲ್ಡಿಸಿಮೊ ಚಿತ್ರಿಸಿದ 'ತ್ರೇಸೆ' ಶುರುವಾಯಿತು, ಮೊದಮೊದಲು ಝೆರಾಕ್ಸ್ ಮಾಡಿ ಮಾರಿದ ಕಪ್ಪುಬಿಳುಪಿನ ಕಾಮಿಕ್ಸ್. 2021ರ ಜೂನ್‌ನಲ್ಲಿ ಅದೇ ಕಥೆ ನೆಟ್‌ಫ್ಲಿಕ್ಸ್‌ನಲ್ಲಿ ಅನಿಮೇಷನ್ ಸರಣಿಯಾಗಿ ಜಗತ್ತಿಗೆಲ್ಲ ಬಂತು. ನಾಯಕಿ ಅಲೆಕ್ಸಾಂಡ್ರಾ ತ್ರೇಸೆ. ಪೊಲೀಸರ ಕೈಗೆ ಸಿಗದ ಕೇಸುಗಳು ಇವಳ ಬಳಿಗೆ ಬರುತ್ತವೆ, ಏಕೆಂದರೆ ಮನಿಲಾದ ಕತ್ತಲ ಲೋಕದ ಜೊತೆ ಮಾತಾಡಬಲ್ಲವಳು ಇವಳೊಬ್ಬಳೇ. ನೋಡಿ, ಪಾದ್ರಿಯ ಪಟ್ಟಿಯಲ್ಲಿ ಸೈತಾನನ ಪೂಜಾರಿಯಾಗಿದ್ದ ಬಾಬಾಯ್ಲಾನ್, 400 ವರ್ಷದ ಮೇಲೆ ಕರಿ ಕೋಟು ಹಾಕಿ, ಕತ್ತಿ ಹಿಡಿದು, ಊರು ಕಾಯಲು ವಾಪಸ್ ಬಂದಿದ್ದಾಳೆ!

ಅದರಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಯಾವುದು ಎಂದರೆ, ತ್ರೇಸೆ ನಡುರಾತ್ರಿ ರಸ್ತೆಯಲ್ಲಿ ಮೊಣಕಾಲೂರಿ ಒಂದು ಮ್ಯಾನ್‌ಹೋಲ್ ಜೊತೆ ಮಾತಿಗೆ ಕೂರುವುದು. ಒಳಗಿರುವವನು ನೂನೊ. ನಮ್ಮ ದಿಬ್ಬದ ಅಜ್ಜ! ದಿಬ್ಬದ ಮೇಲೆ ಡಾಂಬರು ಬಿತ್ತು, ಕಟ್ಟಡ ಬಂತು, ಅಜ್ಜ ಊರು ಬಿಡಲಿಲ್ಲ, ಚರಂಡಿಗೆ ಇಳಿದ. ಮಹಾನಗರದ ಕೊಳೆಯೆಲ್ಲ ಅವನ ಮುಂದೆಯೇ ಹರಿದುಹೋಗುವುದರಿಂದ ಊರಿನ ಗುಟ್ಟೆಲ್ಲ ಈಗ ಅವನಿಗೆ ಗೊತ್ತು. ದೃಶ್ಯ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ನೋಡಿದೆ. 22ನೇ ಮಹಡಿಯ ಸಿಂಕಿನ ತೂತಿಗೆ ಆತೆ ಪಿಸುಗುಟ್ಟಿದ್ದು ಆಗ ಅರ್ಥವಾಯಿತು. ಕಥೆಗಾರ ಹೊಸದೇನನ್ನೂ ಹೊಸೆಯಲಿಲ್ಲ, ಆತೆಯಂಥವರು ದಿನಾ ಮಾಡುತ್ತಿದ್ದುದನ್ನು ಕಣ್ಣಿಟ್ಟು ನೋಡಿದ.

ತಿಕ್ಬಾಲಾಂಗ್ ಬಗ್ಗೆ ಹೇಳದೆ ಹೇಗಿರಲಿ? ಕುದುರೆ ತಲೆ, ಮನುಷ್ಯ ದೇಹ, ಕುಕ್ಕರಗಾಲಿನಲ್ಲಿ ಕೂತರೆ ಮೊಣಕಾಲು ತಲೆಗಿಂತ ಮೇಲೆ ಬರುವಷ್ಟು ಉದ್ದದ ಕಾಲು. ಕಾಡಿನಲ್ಲಿ ದಾರಿ ತಪ್ಪಿಸುವುದೇ ಅವನ ಕಸುಬು, ಅಂಗಿಯನ್ನು ಒಳಹೊರಗು ಮಾಡಿ ಹಾಕಿಕೊಂಡರೆ ದಾರಿ ಸಿಗುತ್ತದೆ. ಬಿಸಿಲು ಮಳೆ ಒಟ್ಟಿಗೆ ಬಂದರೆ ನಮ್ಮಲ್ಲಿ ಕಾಗೆಗೂ ನರಿಗೂ ಮದುವೆ, ಅಲ್ಲಿ ತಿಕ್ಬಾಲಾಂಗ್ ಮದುವೆ! ತ್ರೇಸೆಯ ಲೋಕದಲ್ಲಿ ಇವನು ನಡುರಾತ್ರಿ ಹೆದ್ದಾರಿಯಲ್ಲಿ ರೇಸಿಗೆ ಇಳಿಯುವ ಶ್ರೀಮಂತರ ಮಗ. ಬೆಂಕಿಚೆಂಡಾಗಿ ತೇಲುವ ಸಾಂತೆಲ್ಮೊ ಎಂಬ ಪ್ರೇತವನ್ನು ತ್ರೇಸೆ ಕರೆಯುವುದು ಮೊಬೈಲಿನಿಂದ. ಅವಳ ಬೆಂಗಾವಲಿನ ಅವಳಿ ಯೋಧರು ತಲಗ್ಬುಸಾವೊ ಎಂಬ ಯುದ್ಧದೇವರ ಮಕ್ಕಳು. ಅವರ ಹೆಸರು ಕ್ರಿಸ್ಪಿನ್ ಮತ್ತು ಬಸಿಲಿಯೊ. ಈ ಹೆಸರು ಕೇಳಿದ ತಕ್ಷಣ ಆ ದೇಶದ ಶಾಲೆಯ ಮಕ್ಕಳಿಗೂ ಗಂಟಲು ಬಿಗಿಯುತ್ತದೆ. ಹೊಸೆ ರಿಸಾಲ್ 1887ರಲ್ಲಿ ಬರೆದ 'ನೋಲಿ ಮೆ ತಾಂಗೆರೆ' ಕಾದಂಬರಿಯಲ್ಲಿ ಚರ್ಚಿನಲ್ಲಿ ದುಡಿಯುವ ಇಬ್ಬರು ಬಡ ಅಣ್ಣತಮ್ಮಂದಿರ ಹೆಸರು ಅದು, ಕಳ್ಳತನದ ಸುಳ್ಳು ಆರೋಪಕ್ಕೆ ಬಲಿಯಾದ ಕಂದಮ್ಮಗಳು. ಅಂದು ತಮ್ಮನ್ನು ತಾವು ಕಾಪಾಡಿಕೊಳ್ಳಲಾಗದ ಹುಡುಗರ ಹೆಸರು ಹೊತ್ತು ಇಂದು ಯಾರಿಗೂ ಬಗ್ಗದ ಇಬ್ಬರು ಎದ್ದು ನಿಂತಿದ್ದಾರೆ. ಸ್ವಂತ ಪಾತ್ರ ಕಟ್ಟುವುದು ಅಂದರೆ ಇದು!

ಆ ರಿಸಾಲ್ ಕೂಡ ದಿವಾತಾ ಒಬ್ಬಳ ಕಥೆ ಬರೆದವನೇ. ಮಕಿಲಿಂಗ್ ಬೆಟ್ಟದ ಮರಿಯಾ, ಬಡವರ ಮದುವೆಗೆ ಒಡವೆ ವಸ್ತ್ರ ಎರವಲು ಕೊಟ್ಟು, ಬದಲಿಗೆ ಹಾಲಿನಷ್ಟು ಬಿಳಿಯ ಒಂದು ಹ್ಯಾಟೆ ಕೋಳಿ ಕೇಳುವವಳು. 1890ರಲ್ಲಿ ಅವನು ಅದನ್ನು ಅಚ್ಚು ಹಾಕಿಸಿದ. 1950ರಲ್ಲಿ ಮಾರ್ಸ್ ರವೇಲೊ ಕಟ್ಟಿದ ದಾರ್ನಾ ಎಂಬ ನಾಯಕಿ ಒಂದು ಬಿಳಿ ಕಲ್ಲನ್ನು ನುಂಗಿ ಶಕ್ತಿ ಪಡೆಯುತ್ತಾಳೆ. ನಡುರಾತ್ರಿ ಬಾಳೆಯ ಹೂವಿನಿಂದ ಬೀಳುವ ಮಣಿಯನ್ನು ನುಂಗಿದವನಿಗೆ ಬಲ ಬರುತ್ತದೆ ಎಂಬ ಹಳ್ಳಿಯ ನಂಬಿಕೆ ನನಗೆ ಅದರಲ್ಲಿ ಕಾಣುತ್ತದೆ. 2005ರಲ್ಲಿ ಸುಝೆಟ್ ಡೊಕ್ಟೊಲೆರೊ ಟಿವಿಗೆ ಬರೆದ 'ಎಂಕಾಂತಾದಿಯಾ'ಗೆ ಅದರದೇ ಒಂದು ಭಾಷೆಯೂ ಇದೆ, ಅದರ ರಾಣಿಯೊಬ್ಬಳ ಹೆಸರು ಅಮಿಹಾನ್, ಈಶಾನ್ಯದಿಂದ ಬೀಸುವ ತಂಪು ಗಾಳಿ.

ಕಲಿಯುವವರು, ಕಾಲೇಜಿನವರು, ಎಷ್ಟೋ ಜನ ಈಗ ತಮ್ಮದೇ ಪಾತ್ರಗಳನ್ನು ಚಿತ್ರಿಸುತ್ತಿದ್ದಾರೆ. ಅವನ್ನು ನೋಡುತ್ತ ನೋಡುತ್ತ ನನಗೊಂದು ವಿಷಯ ಹೊಳೆಯಿತು. ರೆಕ್ಕೆ, ಕೊಂಬು, ಕುದುರೆಮುಖ ಬರೆಯುವುದು ಸುಲಭ. ಪಾತ್ರ ಜೀವ ತಳೆಯುವುದು ಆ ಜೀವಿಯ ಕಟ್ಟಳೆಯಲ್ಲಿ: ಉಪ್ಪು ತಾಗಬಾರದು, ಅಂಗಿ ತಿರುಗಿಸಿದರೆ ಸೋಲು, ಕೇಳದೆ ದಾಟಬಾರದು. ಒಂದು ದಿನ ಊಟದ ಹೊತ್ತಿನಲ್ಲಿ ನಾನೂ ಉತ್ಸಾಹದಿಂದ ಒಂದು ಪಾತ್ರ ಕಟ್ಟಿದೆ. ಮನಿಲಾದ ಕಾಲ್ ಸೆಂಟರಿನಲ್ಲಿ ರಾತ್ರಿಪಾಳಿ ಮಾಡುವ ಮನನಂಗ್ಗಲ್. ಆತೆ ಚಮಚ ಕೆಳಗಿಟ್ಟು ಕೇಳಿದರು: "ಅವಳ ಕೆಳಗಿನ ಅರ್ಧ ಎಲ್ಲಿರುತ್ತೆ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

"ಅದನ್ನ ಕಾಯೋರು ಯಾರಾದ್ರೂ ಬೇಕಲ್ಲ ಬುನ್ಸೊ. ಅವಳನ್ನ ತುಂಬಾ ನಂಬಿರೋರು. ಬೆಳಗಿನವರೆಗೂ ಅಲ್ಲೇ ಕೂತಿರೋರು. ತಂಗಿ ಇರಬಹುದು. ಕೈಗೆ ಉಪ್ಪು ಸಿಗುತ್ತೆ, ಆದ್ರೂ ಹಾಕಲ್ಲ."

ಎಷ್ಟು ಹೊತ್ತು ಬಾಯಿ ತೆರೆದು ಕೂತಿದ್ದೆನೋ! ಕೈಯಲ್ಲಿ ಉಪ್ಪಿದ್ದೂ ಹಾಕದ ತಂಗಿ. ನೂರಾರು ವರ್ಷ ಎಲ್ಲರೂ ಮೇಲೆ ಹಾರುವವಳನ್ನೇ ನೋಡುತ್ತಿದ್ದರು. ಊರೆಲ್ಲ ಹೆದರಿ ದೂರ ಇಟ್ಟ ಸೀಮೆಯಲ್ಲಿ ಹುಟ್ಟಿದವರಿಗೆ ಮಾತ್ರ ಬಾಳೆತೋಟದಲ್ಲಿ ನಿಂತ ಆ ಒಂಟಿ ಕಾಲುಗಳ ಪಕ್ಕ ಹೋಗಿ ಕೂರಬೇಕು ಅನ್ನಿಸಿತು.

ಈ ಹಳೆಯ ಹೆಸರುಗಳು ಕಥೆಗಳಲ್ಲಷ್ಟೇ ಉಳಿದಿಲ್ಲ, ಆಕಾಶಕ್ಕೂ ಏರಿವೆ. 2016ರ ಏಪ್ರಿಲ್ 27ರಂದು ಅಂತರಿಕ್ಷ ನಿಲ್ದಾಣದಿಂದ 50 ಕಿಲೊ ತೂಕದ ಒಂದು ಪೆಟ್ಟಿಗೆಯನ್ನು ಕಕ್ಷೆಗೆ ಬಿಟ್ಟರು. ಜಪಾನಿನ ಎರಡು ವಿಶ್ವವಿದ್ಯಾಲಯಗಳ ಜೊತೆ ಸೇರಿ ಫಿಲಿಪಿನೊ ಎಂಜಿನಿಯರುಗಳು ಕಟ್ಟಿದ, ತಮ್ಮ ಕಾಡು ಕಡಲುಗಳನ್ನು ಮೇಲಿಂದ ನೋಡುವ ಅವರ ಮೊದಲ ಪುಟ್ಟ ಉಪಗ್ರಹ. ಅದಕ್ಕೆ ಇಟ್ಟ ಹೆಸರು ದಿವಾತಾ-1. ಕಾಡು ಕಾಯುವವಳಿಗೆ ಇದಕ್ಕಿಂತ ಎತ್ತರದ ಮರ ಎಲ್ಲಿ ಸಿಗಬೇಕು! ನಾಲ್ಕು ವರ್ಷ ಸುತ್ತಿ ಅದು ಗಾಳಿಯಲ್ಲಿ ಕರಗಿಹೋಯಿತು, ಅಷ್ಟರಲ್ಲಿ ದಿವಾತಾ-2 ಮೇಲೇರಿತ್ತು. 2019ರಲ್ಲಿ ದೂರದ ಒಂದು ನಕ್ಷತ್ರಕ್ಕೂ ಅದರ ಗ್ರಹಕ್ಕೂ ತಗಲೋಗರ ಕಡಲದೇವರುಗಳ ಹೆಸರು ಸಿಕ್ಕಿತು: ಅಮನ್ಸಿನಾಯಾ, ಹಾಯಿಕ್.

2025ರ ಸೆಪ್ಟೆಂಬರ್ 7, ಭಾನುವಾರ. ಪೂರ್ಣ ಚಂದ್ರಗ್ರಹಣ. ದುಬೈನಲ್ಲಿ ರಾತ್ರಿ ಒಂಬತ್ತೂವರೆಗೆ ಚಂದ್ರ ಪೂರ್ತಿ ಮುಳುಗಿತು, 82 ನಿಮಿಷ ತಾಮ್ರದ ಬಣ್ಣದಲ್ಲಿ ತೂಗುತ್ತಿತ್ತು. ಆತೆ ಇರುವ ಕಟ್ಟಡದ ತಾರಸಿಯಲ್ಲಿ ಹತ್ತಾರು ಜನ ಸೇರಿದ್ದೆವು. ಆತೆ ಒಂದು ಸ್ಟೀಲ್ ಪಾತ್ರೆ, ಒಂದು ಸೌಟು ತಂದಿದ್ದರು. ಒಂದು ಕಾಲದಲ್ಲಿ ಆಕಾಶದಲ್ಲಿ ಏಳು ಚಂದ್ರರಿದ್ದರಂತೆ. ಬಕುನಾವಾ ಎಂಬ ಕಡಲ ಹಾವು ಅವರ ಚೆಲುವಿಗೆ ಮರುಳಾಗಿ ಒಬ್ಬೊಬ್ಬರನ್ನೇ ನುಂಗುತ್ತಾ ಬಂತು. ಕೊನೆಯವನೊಬ್ಬ ಉಳಿದಾಗ ಜನ ಪಾತ್ರೆ ಪಡಗ ಬಡಿದು, ಕೂಗಿ ಕೂಗಿ, ಅದು ಬೆದರಿ ಉಗುಳುವಂತೆ ಮಾಡಿದರು. ಅದಕ್ಕೇ ಇವತ್ತಿಗೂ ಬಡಿಯಬೇಕು. ಆತೆ ಬಡಿದರು, ಮೆತ್ತಗೆ, ಟಣ್ ಟಣ್ ಟಣ್. ಪಕ್ಕದ ಕೇರಳದ ಹುಡುಗರು ನೀರಿನ ಬಾಟಲಿ ತಟ್ಟಿದರು.

ನಾನು ನಮ್ಮ ರಾಹುವಿನ ಕಥೆ ಹೇಳಿದೆ. ಅಮೃತ ಕದ್ದು ಕುಡಿದವನು, ರುಂಡ ಕತ್ತರಿಸಿಕೊಂಡವನು, ಬರೀ ತಲೆಯಾದ್ದರಿಂದ ನುಂಗಿದ ಚಂದ್ರ ಕತ್ತಿನಿಂದ ಹೊರಗೆ ಬಂದುಬಿಡುತ್ತಾನೆ ಅಂತ. ಆತೆಗೆ ಎಷ್ಟು ಖುಷಿಯಾಯಿತು! "ಇವನೂ ಅರ್ಧ ಮೈಯವನೇ" ಅಂದರು. ಆಮೇಲೆ ಮೇಲೆ ನೋಡುತ್ತ, ತಮ್ಮಷ್ಟಕ್ಕೆ, ತಗಲೋಗಿನಲ್ಲಿ ಒಂದು ಪದ ಅಂದರು.

"ನಗ್ಲಾಹೊ."

"ಹಾಗಂದ್ರೇನು ಆತೆ?"

"ಮಾಯವಾಯ್ತು ಅಂತ. ಏನು ಕಾಣೆಯಾದ್ರೂ ಹಾಗೇ ಹೇಳೋದು. ಪರ್ಸ್ ಹೋದ್ರೂ."

ಅವರ ಫೋನಿನಲ್ಲೇ ಹುಡುಕಿದೆ. ಅದರ ಧಾತು ಲಾಹೊ. ಹಳೆಯ ತಗಲೋಗಿನಲ್ಲಿ ಲಾಹೊ ಎಂದರೆ ಗ್ರಹಣ. ಅದು ಬಂದದ್ದು ಸಂಸ್ಕೃತದ ರಾಹುವಿನಿಂದ.

ಪರದೆಯನ್ನು ಆತೆಯ ಕಡೆ ತಿರುಗಿಸಿದೆ. ಅವರು ಓದಿದರು, ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು. ಚಂದ್ರನ ಎಡ ಅಂಚಿನಲ್ಲಿ ಉಗುರಿನಷ್ಟು ಬೆಳಕು ಹುಟ್ಟಿತ್ತು. ಆತೆ ಸೌಟನ್ನು ನನ್ನ ಕೈಗೆ ಕೊಟ್ಟರು.